ಅಡುಗೆಯವಳ ಹೆಸರೇನು?

ವರ್ಜೀನಿಯಾ ವುಲ್ಫ್ ಅವರ ‘ಟು ದಿ ಲೈಟ್‌ಹೌಸ್’ ಕಾದಂಬರಿಯ ಮೇಲೆ ಓದುಗರ ದೂರು ಸಾಮಾನ್ಯವಾಗಿ ಒಂದೇ: ಇದರಲ್ಲಿ ಏನೂ ನಡೆಯುವುದಿಲ್ಲ. ದೂರು ಪೂರ್ತಿ ಸುಳ್ಳಲ್ಲ. 1927ರಲ್ಲಿ ಪ್ರಕಟವಾದ ಈ ಕೃತಿಯ ಅರ್ಧಕ್ಕಿಂತ ಹೆಚ್ಚು ಭಾಗ ಸ್ಕಾಟ್ಲೆಂಡಿನ ದ್ವೀಪವೊಂದರ ಬೇಸಿಗೆ ಮನೆಯಲ್ಲಿ, ಒಂದೇ ಸಂಜೆಯಲ್ಲಿ ಕಳೆದುಹೋಗುತ್ತದೆ. ನಾಳೆ ದೀಪಸ್ತಂಭಕ್ಕೆ ಹೋಗಬೇಕೆಂದು ಆರು ವರ್ಷದ ಜೇಮ್ಸ್‌ಗೆ ಆಸೆ. ಹವೆ ಚೆನ್ನಾಗಿರುವುದಿಲ್ಲವೆಂದು ಅಪ್ಪನ ಅಡ್ಡಮಾತು. ಅಮ್ಮ, ಅಂದರೆ ಮಿಸೆಸ್ ರಾಮ್ಸೆ, ಕಾಲುಚೀಲ ಹೆಣೆಯುತ್ತಲೇ ಇಬ್ಬರನ್ನೂ ಸಂಭಾಳಿಸುತ್ತಾಳೆ. ರಾತ್ರಿ ಎಲ್ಲರೂ ಊಟಕ್ಕೆ ಕೂರುತ್ತಾರೆ. ಅಷ್ಟೇ.

ಎರಡನೆಯ ಭಾಗದಲ್ಲಿ ಹತ್ತು ವರ್ಷಗಳು ಕೆಲವೇ ಪುಟಗಳಲ್ಲಿ ಉರುಳುತ್ತವೆ. ಅಲ್ಲಿಯವರೆಗೆ ಕಾದಂಬರಿಯ ಜೀವವೇ ಆಗಿದ್ದ ಮಿಸೆಸ್ ರಾಮ್ಸೆ ಕಂಸದೊಳಗಿನ ಒಂದು ವಾಕ್ಯದಲ್ಲಿ ಸತ್ತುಹೋಗುತ್ತಾಳೆ. ಹೆರಿಗೆಯ ಕಾರಣದಿಂದ ತೀರಿಕೊಂಡ ಮಗಳು ಪ್ರೂ, ಫ್ರಾನ್ಸಿನ ಯುದ್ಧದಲ್ಲಿ ಶೆಲ್ ಸಿಡಿದು ಸತ್ತ ಮಗ ಆಂಡ್ರ್ಯೂ, ಇಬ್ಬರಿಗೂ ಕಂಸವೇ ಗತಿ. ಬೇರೆಯವರಾದರೆ ಅಧ್ಯಾಯಗಟ್ಟಲೆ ಬರೆದು ನಮ್ಮನ್ನು ಅಳಿಸುತ್ತಿದ್ದ ಸಾವುಗಳಿವು. ವುಲ್ಫ್ ಅವನ್ನು ಪಕ್ಕಕ್ಕೆ ಸರಿಸಿ, ಕಾಲುಚೀಲದ ಅಳತೆಗೆ, ಊಟದ ಮೇಜಿನ ಮುನಿಸುಗಳಿಗೆ ಪುಟಗಟ್ಟಲೆ ಜಾಗ ಕೊಡುತ್ತಾರೆ. ಮನೆ ನಡೆಸುವ ಹೆಂಗಸಿನ ಒಂದು ಸಂಜೆ, ಯಾವ ಯುದ್ಧಕ್ಕೂ ಕಡಿಮೆಯಿಲ್ಲದ ಕಥಾವಸ್ತು ಎಂಬುದು ಅವರ ವಾದ. ಆ ವಾದ ಗೆದ್ದಿದೆ ಎಂದೇ ನಾನು ನಂಬುತ್ತೇನೆ.

ನನ್ನ ತಕರಾರು ಇರುವುದು ಅಡುಗೆಮನೆಯ ಬಾಗಿಲಲ್ಲಿ. ಆ ರಾತ್ರಿಯ ವಿಶೇಷ ನಿಧಾನವಾಗಿ ಬೇಯಿಸಿದ ಫ್ರೆಂಚ್ ಮಾಂಸದಡುಗೆ. ಅದಕ್ಕಾಗಿ ಅಡುಗೆಯವಳು ಮೂರು ದಿನ ಒಲೆಯ ಮುಂದೆ ದುಡಿದಿದ್ದಾಳೆ. ಅತಿಥಿ ಬ್ಯಾಂಕ್ಸ್ ಬಾಯಿತುಂಬ ಹೊಗಳಿದಾಗ ಮಿಸೆಸ್ ರಾಮ್ಸೆ, ಇದು ನಮ್ಮಜ್ಜಿಯ ಅಡುಗೆ ವಿಧಾನ ಎನ್ನುತ್ತಾಳೆ. ನಮ್ಮ ಮನೆಗಳಲ್ಲೂ ಹೋಳಿಗೆಯ ಹದವನ್ನು ನೆಂಟರು ಮೆಚ್ಚಿದರೆ ಅದು ಅತ್ತೆಯವರ ಕೈಗುಣವಾಗುತ್ತದೆಯೇ ಹೊರತು, ಬೆಳಗಿನಿಂದ ಹೂರಣ ರುಬ್ಬಿದವಳದ್ದಲ್ಲ.

ಮುಂದೆ, ಪುಸ್ತಕಗಳಿಗೆ ಬೂಷ್ಟು ಹಿಡಿದು, ಅಟ್ಟದಲ್ಲಿ ಇಲಿ ಸೇರಿ, ಇನ್ನೇನು ಬಿದ್ದೇಹೋಗಬೇಕಿದ್ದ ಆ ಮನೆಯನ್ನು ಉಳಿಸುವವರು ಎಪ್ಪತ್ತರ ಹತ್ತಿರದ ಮಿಸೆಸ್ ಮೆಕ್‌ನಾಬ್ ಮತ್ತು ಜೊತೆಗಾತಿ ಮಿಸೆಸ್ ಬಾಸ್ಟ್. ಸೊಂಟ ನೋಯಿಸಿಕೊಂಡು ಗುಡಿಸಿ, ತಿಕ್ಕಿ, ತೊಳೆಯುವ ಮುದುಕಿ ಮೆಕ್‌ನಾಬ್‌ಗೆ ಲೇಖಕಿ ಕೊಡುವುದು ಬುದ್ಧಿ ಸಾಲದವಳೆಂಬ ಪಟ್ಟ. ಹಿಂದೊಮ್ಮೆ ತನಗಾಗಿ ಸೂಪು ಎತ್ತಿಡುತ್ತಿದ್ದ ಅಡುಗೆಯವಳನ್ನು ಮೆಕ್‌ನಾಬ್ ನೆನೆಯುತ್ತಾಳೆ. ಹೆಸರು ಮಿಲ್ಡ್ರೆಡ್ಡೋ ಮೇರಿಯನ್ನೋ, ಅವಳಿಗೂ ಮರೆತಿದೆ. ಕೊನೆಯ ಭಾಗದಲ್ಲಿ ಚಿತ್ರಕಾರ್ತಿ ಲಿಲಿಗೆ ತನ್ನ ಚಿತ್ರದ ಬಗ್ಗೆ ಕಾಡುವ ಭಯವೂ ನೋಡುವಂಥದ್ದು: ಇದನ್ನು ಕೊನೆಗೆ ಆಳುಗಳ ಕೋಣೆಯಲ್ಲಿ ತೂಗುಹಾಕಿಬಿಡುತ್ತಾರೇನೋ!

ವುಲ್ಫ್ ಮನೆಯಲ್ಲಿ ನೆಲ್ಲಿ ಬಾಕ್ಸಾಲ್ ಎಂಬಾಕೆ 1916ರಿಂದ 1934ರವರೆಗೆ ಅಡುಗೆ ಮಾಡಿಕೊಂಡಿದ್ದರು. ಇಬ್ಬರ ನಡುವಿನ ಜಗಳಗಳು ವುಲ್ಫ್ ಅವರ ದಿನಚರಿಯಲ್ಲಿ ದಾಖಲಾಗಿವೆ. ಅದೇ ವರ್ಷಗಳ ನಡುವೆ, 1929ರಲ್ಲಿ, ಬರೆಯುವ ಹೆಣ್ಣಿಗೆ ವರ್ಷಕ್ಕೆ 500 ಪೌಂಡ್ ಆದಾಯ ಮತ್ತು ತನ್ನದೇ ಒಂದು ಕೋಣೆ ಬೇಕೆಂದು ಅವರು ವಾದಿಸಿದರು. ಆ ಕೋಣೆಯ ಕಸ ಗುಡಿಸುವವರು ಯಾರು ಎಂಬ ಪ್ರಶ್ನೆ ನಮಗೆ ಉಳಿಯಿತು.

ಇಷ್ಟಕ್ಕೇ ಕಾದಂಬರಿಯನ್ನು ತಳ್ಳಿಹಾಕುವುದು ದಡ್ಡತನ. ಸಾವನ್ನು ಕಂಸದಲ್ಲಿಟ್ಟು, ಪೊರಕೆಯ ಸದ್ದನ್ನು ಕಥೆಯೊಳಗೆ ತಂದವರು ವುಲ್ಫ್. ಅಡುಗೆಯವಳ ಹೆಸರೇನೆಂದು ಕೇಳುವ ಧೈರ್ಯ ಓದುಗನಿಗೆ ಬಂದಿದ್ದೇ ಇಂಥ ಪುಸ್ತಕಗಳಿಂದ. ಮೊದಲ ಪುಟಗಳಲ್ಲಿ ಬೇಸತ್ತು ಬಿಟ್ಟವರು ಊಟದ ಪ್ರಸಂಗದವರೆಗಾದರೂ ತಾಳ್ಮೆಯಿಂದ ಓದಿ. ಆಮೇಲೆ ಲೇಖಕಿಯೊಡನೆ ಜಗಳಕ್ಕೆ ನಿಲ್ಲಿ. ಒಳ್ಳೆಯ ಕೃತಿ ಜಗಳವನ್ನು ತಾಳಿಕೊಳ್ಳುತ್ತದೆ, ಇದು ತಾಳಿಕೊಂಡಿದೆ.