ಡ್ರೋನ್ ಮೊದಲು ಲ್ಯಾಪ್‌ಟಾಪ್‌ನಲ್ಲಿ ಬೀಳಲಿ

ಔಷಧಿ ಹೊಡೆಯೋ ಡ್ರೋನ್ ಅಂದರೆ ಲಕ್ಷಗಳ ಮಾತು. ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಸ್ವಸಹಾಯ ಸಂಘಗಳಿಗೆ ಕೊಡೋ ಸಹಾಯಧನದ ಮಿತಿಯೇ 8 ಲಕ್ಷ ರೂಪಾಯಿ. ಇಷ್ಟು ದುಬಾರಿ ಯಂತ್ರದ ಮೇಲೆ ಕೈ ಪಳಗಿಸಿಕೊಳ್ಳೋದು ಬೇಡ. ಬೀಳಿಸೋದನ್ನೆಲ್ಲ ಕಂಪ್ಯೂಟರಿನಲ್ಲಿ ಬೀಳಿಸಿ, ಆಮೇಲೆ ಹೊಲಕ್ಕಿಳಿಯಿರಿ ಅನ್ನೋದು ನನ್ನ ಅಭಿಪ್ರಾಯ.

ಇದಕ್ಕೆ ಬೇಕಾದ ತಂತ್ರಾಂಶ ಪುಕ್ಕಟೆ ಸಿಗುತ್ತೆ. ಆರ್ಡುಪೈಲಟ್ ಅನ್ನೋದು ಡ್ರೋನ್ ಹಾರಿಸುವ ಓಪನ್ ಸೋರ್ಸ್ ತಂತ್ರಾಂಶ. ಅದರ ಸಿಮ್ಯುಲೇಟರ್‌ನಲ್ಲಿ, ನಿಜವಾದ ಡ್ರೋನ್ ಒಳಗೆ ಓಡುವ ಪ್ರೋಗ್ರಾಮೇ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡುತ್ತೆ. ಜಿಪಿಎಸ್, ಗಾಳಿ, ಬ್ಯಾಟರಿ ಮಾತ್ರ ನಕಲಿ. ವಿಂಡೋಸ್ ಲ್ಯಾಪ್‌ಟಾಪಿಗೆ ಮಿಷನ್ ಪ್ಲಾನರ್ ಹಾಕಿಕೊಂಡು ಸಿಮ್ಯುಲೇಷನ್ ಒತ್ತಿ. ಶುರುವಿನಲ್ಲಿ ಡ್ರೋನ್ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ನಿಂತಿರುತ್ತೆ, ಗಾಬರಿಯಾಗಬೇಡಿ. ನಕ್ಷೆಯಲ್ಲಿ ಹೋಮ್ ಗುರುತನ್ನು ನಿಮ್ಮ ಹೊಲಕ್ಕೆ ತನ್ನಿ. ಗಡಿ ಗುರುತಿಸಿ, ಸಾಲು ಸಾಲಾಗಿ ಹಾರೋ ದಾರಿ ಹಾಕಿ.

ಈಗ ಬೇಕಂತಲೇ ತೊಂದರೆ ಕೊಡಿ. ಗಾಳಿ ಹೆಚ್ಚಿಸಿ, ಜಿಪಿಎಸ್ ತಪ್ಪಿಸಿ, ಬ್ಯಾಟರಿ ಇಳಿಸಿ. ಡ್ರೋನ್ ವಾಪಸ್ ಬರುತ್ತೋ, ಇದ್ದಲ್ಲೇ ಇಳಿಯುತ್ತೋ ನೋಡಿ. ಆರ್ಡುಪೈಲಟ್‌ನಲ್ಲಿ ನಾವು ಬದಲಾಯಿಸದಿದ್ದರೆ ವಾಪಸ್ ಬರುವ ಎತ್ತರ 15 ಮೀಟರ್, ಅಂದರೆ ಸುಮಾರು 50 ಅಡಿ. ಬದುವಿನ ಮೇಲೆ 60 ಅಡಿಯ ತೆಂಗಿನ ಮರ ಇದ್ದರೆ? ನಿಮ್ಮ ಹೊಲದ ಮರ ಈ ಸಿಮ್ಯುಲೇಟರ್‌ಗೆ ಗೊತ್ತಿರಲ್ಲ. ಗೊತ್ತಿರೋದು ನಿಮಗೆ. ಎತ್ತರ ಬದಲಾಯಿಸಿ ಮತ್ತೆ ಹಾರಿಸಿ.

ಇದರ ಮಿತಿಯನ್ನೂ ಹೇಳಿಬಿಡ್ತೀನಿ. ಔಷಧಿಯ ಹನಿ ಗಾಳಿಗೆ ಎಲ್ಲಿಯವರೆಗೆ ತೇಲುತ್ತೆ ಅಂತ ಇದು ತೋರಿಸಲ್ಲ. ಪಕ್ಕದ ಹೊಲದ ಹನಿ ಬದು ದಾಟಿದರೆ ನನ್ನಂಥ ಸಾವಯವ ಬೆಳೆಗಾರರ ಪ್ರಮಾಣಪತ್ರಕ್ಕೇ ಕುತ್ತು. ಆ ಪಾಠವನ್ನು ಖಾಲಿ ನೀರು ತುಂಬಿಸಿ, ಗಾಳಿ ಕಡಿಮೆ ಇರುವ ಬೆಳಗಿನ ಹೊತ್ತು ಹೊಲದಲ್ಲೇ ಕಲಿಯಬೇಕು. ಸಿಮ್ಯುಲೇಟರ್ ಕಲಿತರೆ ಲೈಸೆನ್ಸ್ ಬೇಡ ಅಂತಲೂ ಅಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ಪೈಲಟ್‌ಗೆ 18 ವರ್ಷ ತುಂಬಿರಬೇಕು, 10ನೇ ತರಗತಿ ಪಾಸಾಗಿರಬೇಕು, ಅಧಿಕೃತ ಸಂಸ್ಥೆಯಲ್ಲಿ ತರಬೇತಿ ಆಗಿರಬೇಕು.

ಲ್ಯಾಪ್‌ಟಾಪ್ ಇಲ್ಲದವರು ನಾಲ್ಕು ಜನ ಸೇರಿ ಒಂದರಲ್ಲೇ ಕಲಿಯಿರಿ. ಬಾಡಿಗೆಗೆ ಡ್ರೋನ್ ಕರೆಸುವವರು ಹಾರಿಸೋ ಮೊದಲು ಎರಡೇ ಪ್ರಶ್ನೆ ಕೇಳಿ: ವಾಪಸ್ ಬರುವ ಎತ್ತರ ಎಷ್ಟಿಟ್ಟಿದ್ದೀರಿ? ಜಿಪಿಎಸ್ ತಪ್ಪಿದರೆ ಇದು ಏನು ಮಾಡುತ್ತೆ? ಎಲ್ಲ ಡ್ರೋನ್‌ನಲ್ಲೂ ಆರ್ಡುಪೈಲಟ್ ಇರಲ್ಲ, ಆದರೆ ಈ ಪ್ರಶ್ನೆಗಳು ಎಲ್ಲಕ್ಕೂ ಸಲ್ಲುತ್ತವೆ. ಉತ್ತರ ಬಾರದಿದ್ದರೆ ಟ್ಯಾಂಕಿಗೆ ಔಷಧಿ ಹಾಕಿಸಬೇಡಿ.