ದೊಡ್ಡಜ್ಜಿಯ ಮೀಸೆ, ನಿದ್ದೆ ಹೋದ ಕ್ಯಾಮೆರಾ

ಮದುವೆ ಮನೆಯಲ್ಲಿ ‘ಫೋಟೋ ಬೂತ್ ನಾನು ನೋಡ್ಕೋತೀನಿ’ ಅಂತ ಒಪ್ಪಿಕೊಳ್ಳೋ ಮುಂಚೆ ಎರಡು ಸಲ ಯೋಚಿಸಿ. ಅದರಲ್ಲೂ ನೀವು ಐಟಿಯಲ್ಲಿದ್ದರೆ. ನೆಂಟರ ಲೆಕ್ಕದಲ್ಲಿ ಐಟಿಯವರಿಗೆ ಮಿಕ್ಸಿಯಿಂದ ಹಿಡಿದು ಉಪಗ್ರಹದವರೆಗೆ ಎಲ್ಲ ರಿಪೇರಿನೂ ಬರುತ್ತೆ.

ಚಿಕ್ಕಪ್ಪನ ಮಗಳ ರಿಸೆಪ್ಷನ್, ತಿಪಟೂರಿನ ಒಂದು ಛತ್ರದಲ್ಲಿ. ಬೂತ್ ಬಾಡಿಗೆ ಎಷ್ಟು ಅಂತ ಕೇಳಿ ಚಿಕ್ಕಪ್ಪ ಸುಮ್ಮನಾದಾಗ ನಾನೇ ಮಧ್ಯೆ ಬಾಯಿ ಹಾಕಿದ್ದು. ಗೆಳೆಯನ ಡಿಎಸ್ಎಲ್ಆರ್, ನನ್ನ ಟ್ಯಾಬ್, ಎರಡನ್ನೂ ಜೋಡಿಸೋಕೆ ಒಂದು ಆ್ಯಪ್. ಕ್ಯಾಮೆರಾ ತನ್ನದೇ ಒಂದು ವೈಫೈ ಕೊಡುತ್ತೆ, ಟ್ಯಾಬ್ ಅದಕ್ಕೆ ಸೇರಿಕೊಳ್ಳುತ್ತೆ. ಪರದೆ ಮುಟ್ಟಿದರೆ ಮೂರು, ಎರಡು, ಒಂದು, ಕ್ಲಿಕ್. ಬೆಂಗಳೂರಿನ ಮನೆಯಲ್ಲಿ ನಾನು, ಹೆಂಡತಿ ಸೇರಿ 40 ಫೋಟೋ ತೆಗೆದು ನೋಡಿದೆವು. ಒಂದೂ ತಪ್ಪಲಿಲ್ಲ.

ಅವತ್ತು ಮೊದಲ ಅರ್ಧ ಗಂಟೆ ಹಬ್ಬವೇ. ರಟ್ಟಿನ ಮೀಸೆ, ಪೇಟ, ದೊಡ್ಡ ಕನ್ನಡಕ ಹಿಡಿದ ಹುಡುಗರ ಸಾಲು. ಆಮೇಲೆ ಊಟಕ್ಕೆ ಕರೆದರು, ಬೂತ್ ಖಾಲಿ. ಆಗ ಬಂದಳು ನನ್ನಜ್ಜಿ, ತನ್ನ ಅಕ್ಕನ ಕೈ ಹಿಡ್ಕೊಂಡು. ದೊಡ್ಡಜ್ಜಿ ಇರೋದು ತುರುವೇಕೆರೆ ಹತ್ತಿರದ ಹಳ್ಳಿಯಲ್ಲಿ. ಮಂಡಿ ನೋವು, ಮನೆ ಬಿಟ್ಟು ಹೊರಡೋದೇ ಅಪರೂಪ. ಅಕ್ಕ-ತಂಗಿ ಇಬ್ಬರೇ ಇರೋ ಫೋಟೋ ನಮ್ಮ ಮನೆಯಲ್ಲಿ ಒಂದೂ ಇಲ್ಲ. ಇರುವ ಎಲ್ಲದರಲ್ಲೂ ನಡುವೆ ಯಾರಾದರೊಬ್ಬರು ಗಂಡಸರು ಕೂತಿದ್ದಾರೆ.

ದೊಡ್ಡಜ್ಜಿ ಎಲ್ಲ ಹುಡುಕಿ ಒಂದು ಗಿರಿಜಾ ಮೀಸೆ ಆರಿಸಿ ಮೂಗಿನ ಕೆಳಗೆ ಹಿಡಿದಳು. ಪರದೆ ಮುಟ್ಟಿದೆ. ‘ಕ್ಯಾಮೆರಾ ಸಂಪರ್ಕದಲ್ಲಿಲ್ಲ.’

ಮುಂದಿನ ಹತ್ತು ನಿಮಿಷ ನಾನು ಮಾಡಿದ್ದನ್ನು ನೀವು ಮಾಡಬೇಡಿ. ಆ್ಯಪ್ ಮುಚ್ಚಿ ತೆರೆದೆ. ಟ್ಯಾಬ್ ರೀಸ್ಟಾರ್ಟ್ ಮಾಡಿದೆ. ಜನ ಜಾಸ್ತಿ, ವೈಫೈ ಕೈಕೊಡ್ತಿದೆ ಅಂತ ನಾನೇ ತೀರ್ಮಾನಿಸಿ, ಪವರ್ ಬ್ಯಾಂಕಿನ ಕೇಬಲ್ಲಿಗೆ ಒಟಿಜಿ ಅಡಾಪ್ಟರ್ ಸಿಕ್ಕಿಸಿ ಚುಚ್ಚಿದೆ. ಏನೂ ಇಲ್ಲ. ದೊಡ್ಡಜ್ಜಿ ಮೀಸೆ ಹಿಡಿದೇ ನಿಂತಿದ್ದಳು. ‘ಆಯ್ತೇನ್ಲಾ?’ ಅಂದಳು ಎರಡು ಸಲ. ಅಷ್ಟರಲ್ಲಿ ಅವಳ ಮೊಮ್ಮಗ ಬಂದು, ‘ಕತ್ಲಾಯ್ತು, ಕಾರು ಕಾಯ್ತಿದೆ ನಡಿ’ ಅಂದ. ‘ಇರ್ಲಿ ಬಿಡು ಮಗ, ಇನ್ನೊಂದ್ಸಲ ಆಯ್ತದೆ’ ಅಂತ ಹೊರಟೇಬಿಟ್ಟಳು.

ಐದು ನಿಮಿಷ ಕಳೆದ ಮೇಲೆ ಪಿಯುಸಿ ಓದೋ ಹುಡುಗನೊಬ್ಬ ಹಿಂದಿನಿಂದ, ‘ಅಣ್ಣಾ, ಕ್ಯಾಮೆರಾನೇ ಆಫ್ ಆದಂಗಿದೆ’ ಅಂದ.

ಆಟೋ ಪವರ್ ಆಫ್! ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಬ್ಯಾಟರಿ ಉಳಿಸೋಕೆ ಕ್ಯಾಮೆರಾ ತಾನಾಗಿ ಮಲಗುತ್ತೆ. ಮನೆಯಲ್ಲಿ ನಾವು ಬಿಡುವೇ ಕೊಡದೆ ಕ್ಲಿಕ್ಕಿಸಿದ್ದರಿಂದ ಈ ಗುಣ ಗೊತ್ತಾಗಲೇ ಇಲ್ಲ. ಇಲ್ಲಿ ಪಂಕ್ತಿ ಕೂತಿದ್ದೇ ತಡ ಮಲಗಿತು, ಅದರ ವೈಫೈನೂ ಹೋಯ್ತು. ಟ್ಯಾಬ್ ಸುಮ್ಮನಿರುತ್ತಾ? ಬೆಳಿಗ್ಗೆ ಹಾಡು ಹಾಕೋಕೆ ಅಂತ ಸೇರಿಸಿದ್ದ ಛತ್ರದ ವೈಫೈಗೆ ಹಾರಿತು. ಹಾಗಾಗಿ ಕ್ಯಾಮೆರಾ ಎಬ್ಬಿಸಿದ ಮೇಲೂ ಇಬ್ಬರಿಗೂ ಮಾತಿಲ್ಲ ಕತೆಯಿಲ್ಲ. ಇನ್ನು ಆ ಕೇಬಲ್ಲು ಬರೀ ಚಾರ್ಜಿಂಗಿನದ್ದು, ಡೇಟಾ ಹೋಗೋ ತಂತಿ ಅದರೊಳಗೆ ಇರಲೇ ಇಲ್ಲ. ಮೂರು ಬೇರೆ ಬೇರೆ ತಪ್ಪು, ಪರದೆಯ ಮೇಲೆ ಮಾತ್ರ ಒಂದೇ ಸಾಲು.

ಆಮೇಲೆ ಎರಡು ಮದುವೆ, ಒಂದು ನಾಮಕರಣಕ್ಕೆ ಬೂತ್ ಹಾಕಿದ್ದೀನಿ. ಈಗ ಏನೇ ಕೆಟ್ಟರೂ ಟ್ಯಾಬ್ ಮುಟ್ಟಲ್ಲ, ಮೊದಲು ಕ್ಯಾಮೆರಾ ಹತ್ತಿರ ಹೋಗ್ತೀನಿ. ಕೈಯಲ್ಲೇ ಶಟರ್ ಒತ್ತಿದರೆ ಕ್ಲಿಕ್ ಆಗುತ್ತಾ? ಆದರೆ ಕ್ಯಾಮೆರಾ ಸರಿ ಇದೆ, ತೊಂದರೆ ಮುಂದಿದೆ. ಆಗದಿದ್ದರೆ ಬ್ಯಾಟರಿ, ಮೆಮರಿ ಕಾರ್ಡ್ ನೋಡಬೇಕು. ಕಾರ್ಡ್ ಪಕ್ಕದ ಪುಟ್ಟ ಲಾಕ್ ಕೆಳಗೆ ಜಾರಿದ್ದರೂ ಫೋಟೋ ಕೂರಲ್ಲ. ಟ್ಯಾಬಿಗೆ ನೇರ ದೃಶ್ಯ ಕಳಿಸ್ತಾ ಇದ್ದರೆ ಬ್ಯಾಟರಿ ಬೇಗ ಖಾಲಿ. ಬ್ಯಾಟರಿ ಜಾಗದಲ್ಲಿ ಕೂತು ಪ್ಲಗ್ಗಿನಿಂದ ಕರೆಂಟ್ ತರೋ ಡಮ್ಮಿ ಬ್ಯಾಟರಿ ಸಿಗುತ್ತೆ, ನಿಮ್ಮ ಮಾಡೆಲ್ಲಿಗೆ ಹೊಂದೋದು ತಗೊಳ್ಳಿ.

ನನ್ನನ್ನು ಹೆಚ್ಚು ಸತಾಯಿಸಿದ್ದು ಫೋಕಸ್. ಡಿಜೆ ಲೈಟು ಕುಣಿಯೋಕೆ ಶುರುವಾದರೆ ಕ್ಯಾಮೆರಾಗೆ ಮುಖ ಸಿಗಲ್ಲ. ಫೋಕಸ್ ಸಿಗದೆ ಎಷ್ಟೋ ಕ್ಯಾಮೆರಾಗಳು ಕ್ಲಿಕ್ಕೇ ಆಗಲ್ಲ. ಆ್ಯಪ್ ಕಾದು ಕಾದು ‘ವಿಫಲ’ ಅನ್ನುತ್ತೆ, ನಾವು ಪಾಪ ಕೇಬಲ್ ಹಿಡಿದು ಎಳೀತಿರ್ತೀವಿ. ಈಗ ನೆಲಕ್ಕೆ ಟೇಪ್ ಅಂಟಿಸಿ, ಅಲ್ಲಿ ಒಬ್ಬರನ್ನ ನಿಲ್ಲಿಸಿ ಒಂದೇ ಸಲ ಫೋಕಸ್ ಮಾಡಿ, ಲೆನ್ಸಿನ ಸ್ವಿಚ್ಚನ್ನು ಮ್ಯಾನ್ಯುಯಲ್ಲಿಗೆ ತಳ್ಳಿಬಿಡ್ತೀನಿ. ಅಲ್ಲಿಗೆ ಅರ್ಧ ತಲೆನೋವು ಮುಗೀತು.

ಛತ್ರದಲ್ಲಿ ವೈಫೈ ನಂಬಬೇಡಿ. ಬಹಳಷ್ಟು ಕ್ಯಾಮೆರಾಗಳ ವೈಫೈ 2.4 ಗಿಗಾಹರ್ಟ್ಸಿನದು. ಬ್ಲೂಟೂತ್, ಎಷ್ಟೋ ಹಾಟ್‌ಸ್ಪಾಟ್ ಎಲ್ಲ ಅದೇ ದಾರಿಯಲ್ಲಿ. ಒಂದರ ಮೇಲೊಂದು ಬೀಳದ ಚಾನೆಲ್ ಅಲ್ಲಿರೋದು ಮೂರೇ: 1, 6, 11. ಸಾಲದ್ದಕ್ಕೆ ನಮ್ಮ ಮೈಯಲ್ಲಿರೋದು ಹೆಚ್ಚಾಗಿ ನೀರು, ಅದು ಈ ಸಿಗ್ನಲ್ ಹೀರುತ್ತೆ. ಖಾಲಿ ಹಾಲ್‌ನಲ್ಲಿ ಓಡಿದ್ದು ಜನ ತುಂಬಿದಾಗ ಕುಂಟೋದು ಇದಕ್ಕೇ. ಡೇಟಾ ಹೋಗೋ ಗಟ್ಟಿ ಕೇಬಲ್ ತಗೊಂಡು ನೆಲಕ್ಕೆ ಟೇಪ್ ಹಾಕಿ, ಇಲ್ಲದಿದ್ದರೆ ಮಕ್ಕಳು ಎಡವಿ ಕ್ಯಾಮೆರಾನೇ ಬೀಳಿಸ್ತಾರೆ. ಕೇಬಲ್ ಹಾಕಿದ ಮೇಲೆ ಕ್ಯಾಮೆರಾದ ವೈಫೈ ಆಫ್ ಮಾಡಿ, ಅದು ಆನ್ ಇದ್ದರೆ ಕೆಲವು ಕ್ಯಾಮೆರಾಗಳು ಯುಎಸ್‌ಬಿ ಕಡೆ ತಿರುಗಿಯೂ ನೋಡಲ್ಲ. ಮೆನುವಿನಲ್ಲಿ ಯುಎಸ್‌ಬಿ ಮೋಡ್ ಕೇಳಿದರೆ ‘ಮಾಸ್ ಸ್ಟೋರೇಜ್’ ಬೇಡ, ಹಾಗಿದ್ದರೆ ಟ್ಯಾಬಿಗೆ ಅದು ಬರೀ ಪೆನ್‌ಡ್ರೈವ್. ‘ಪಿಟಿಪಿ’ ಅಥವಾ ‘ರಿಮೋಟ್’ ಅಂತಿರೋದು ಆರಿಸಿ.

ಇಷ್ಟಾದ ಮೇಲೆ ಟ್ಯಾಬ್. ಕ್ಯಾಮೆರಾ ಕಂಪನಿಯ ಆ್ಯಪ್ ಹಿಂದೆ ಓಡ್ತಿದ್ದರೆ ಮುಚ್ಚಿ, ಒಂದು ಸಲಕ್ಕೆ ಒಬ್ಬರ ಜೊತೆ ಮಾತ್ರ ಅದರ ಸಂಸಾರ. ಫೈಲ್ ರಾ ಬೇಡ, ಜೆಪೆಗ್ ಸಾಕು. ಫೋಟೋ ಟ್ಯಾಬಿಗೂ ಕಾರ್ಡಿಗೂ ಎರಡೂ ಕಡೆ ಉಳಿಯೋ ಹಾಗೆ ಇಡಿ. ಪ್ರಿಂಟರ್ ಬಗ್ಗೆ ಕೇಳಬೇಡಿ, ಅದಕ್ಕೆ ಇನ್ನೊಂದು ವಾರ ಬೇಕು.

ರಿಸೆಪ್ಷನ್ ಮುಗಿದ ಮುಂದಿನ ಭಾನುವಾರ ಅಜ್ಜಿಯನ್ನ ಕೂರಿಸ್ಕೊಂಡು ದೊಡ್ಡಜ್ಜಿ ಮನೆಗೆ ಹೋದೆ. ಟ್ಯಾಬ್ ಒಯ್ಯಲಿಲ್ಲ. ಕ್ಯಾಮೆರಾ ನೋಡಿದ್ದೇ ದೊಡ್ಡಜ್ಜಿ ಒಳಗೆ ಹೋಗಿ, ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟಿದ್ದ ಅದೇ ರಟ್ಟಿನ ಮೀಸೆ ತಂದಳು. ಅವತ್ತು ಅದನ್ನ ಹಿಡ್ಕೊಂಡೇ ಕಾರು ಹತ್ತಿದ್ದಳಂತೆ. ‘ಅಕ್ಕಂಗೆ ಐತೆ, ನಂಗೆ?’ ಅಂತ ಅಜ್ಜಿ ತಕರಾರು ತೆಗೆದಳು. ಕೊನೆಗೆ ಕಾಡಿಗೆಯಲ್ಲಿ ಅವಳಿಗೂ ಒಂದು ಮೀಸೆ ಬರೆದಿದ್ದಾಯ್ತು. ಅಂಗಳದ ಬಿಸಿಲಲ್ಲಿ ಆರು ಫೋಟೋ ತೆಗೆದೆ. ಐದರಲ್ಲಿ ಇಬ್ಬರೂ ಕಣ್ಣು ಮುಚ್ಕೊಂಡು ನಗ್ತಿದ್ದಾರೆ.