ಗುರಿ ಹುಡುಕುವವರ ಸಂತೆಯಲ್ಲಿ

ಕೆಲವು ತಿಂಗಳ ಹಿಂದೆ ಕರಾವಳಿಯ ಒಂದು ಊರಿನ ಮದುವೆ ಹಾಲ್‌ನಲ್ಲಿ ಯುವಕರಿಗಾಗಿ ನಡೆದ ಶಿಬಿರಕ್ಕೆ ನನ್ನನ್ನೂ ಕರೆದಿದ್ದರು. ‘ನಿಮ್ಮ ಬದುಕಿನ ಗುರಿಯನ್ನು ಕಂಡುಕೊಳ್ಳಿ’ ಎಂಬುದು ವಿಷಯ. ಬೆಂಗಳೂರಿನಿಂದ ಬಂದಿದ್ದ ತರಬೇತುದಾರರು ಪರದೆಯ ಮೇಲೆ ನಾಲ್ಕು ವೃತ್ತಗಳನ್ನು ತೋರಿಸಿದರು. ನಿಮಗೆ ಇಷ್ಟವಾದದ್ದು, ನೀವು ಚೆನ್ನಾಗಿ ಮಾಡಬಲ್ಲದ್ದು, ನಿಮಗೆ ಹಣ ತರುವಂಥದ್ದು, ಜಗತ್ತಿಗೆ ಬೇಕಾದದ್ದು. ನಾಲ್ಕೂ ಒಂದರ ಮೇಲೊಂದು ಬೀಳುವ ಜಾಗದಲ್ಲಿ ನಿಮ್ಮ ಗುರಿ ಇದೆ, ಕಣ್ಣು ಮುಚ್ಚಿ ಒಳಗೆ ಹುಡುಕಿ ಎಂದರು. ಹುಡುಗರು ಕಣ್ಣು ಮುಚ್ಚಿದರು. ಹಿನ್ನೆಲೆಯಲ್ಲಿ ಕೊಳಲಿನ ಸಂಗೀತವೂ ಇತ್ತು.

ಕೊನೆಯ ಸಾಲಿನಲ್ಲಿದ್ದ ಒಬ್ಬ ಎದ್ದು ನಿಂತ. ಗಲ್ಫ್‌ನಲ್ಲಿ ಕೆಲಸ ಕಳೆದುಕೊಂಡು ಊರಿಗೆ ಮರಳಿದವನು. "ಸರ್, ನನ್ನ ನಾಲ್ಕು ವೃತ್ತಗಳು ಒಂದಕ್ಕೊಂದು ತಾಗುವುದೇ ಇಲ್ಲ. ಏನು ಮಾಡಲಿ?" ಎಂದು ಕೇಳಿದ. ಹಾಲ್ ನಕ್ಕಿತು. ತರಬೇತುದಾರರು ಮಾತ್ರ ಗಂಭೀರವಾಗಿ, "ನೀವು ಇನ್ನೂ ಆಳಕ್ಕೆ ಇಳಿಯಬೇಕು" ಎಂದರು. ಅದಕ್ಕೆ ಮೂರು ದಿನಗಳ ಇನ್ನೊಂದು ಶಿಬಿರ ಇದೆಯಂತೆ. ಶುಲ್ಕ ಬೇರೆ.

ಈ ನಾಲ್ಕು ವೃತ್ತಗಳನ್ನು ಜಪಾನಿನ ಪುರಾತನ ಜ್ಞಾನವೆಂದು ಅವರು ಪರಿಚಯಿಸಿದರು. ‘ಇಕಿಗೈ’ ಎಂಬ ಜಪಾನಿ ಪದವೇನೋ ನಿಜ. ಆದರೆ ಆ ಚಿತ್ರ ಜಪಾನಿನದಲ್ಲ. ಯುರೋಪಿನಲ್ಲಿ ಒಬ್ಬರು ಬರೆದಿದ್ದ ವೃತ್ತಗಳ ನಡುವೆ ಇನ್ನೊಬ್ಬರು 2014ರಲ್ಲಿ ಈ ಪದವನ್ನು ಅಂಟಿಸಿದರು, ಅಷ್ಟೇ. ಇರಲಿ, ಚಿತ್ರ ಎಲ್ಲಿಂದ ಬಂತು ಎಂಬುದು ನನ್ನ ತಕರಾರಲ್ಲ. ಬದುಕಿನ ಗುರಿ ಎಂಬುದು ನಮ್ಮೊಳಗೆ ಎಲ್ಲೋ ಹೂತಿಟ್ಟ ನಿಧಿ, ಅದನ್ನು ಅಗೆದು ತೆಗೆಯಲು ಒಬ್ಬ ಗುತ್ತಿಗೆದಾರ ಬೇಕು ಎಂಬ ನಂಬಿಕೆಯೇ ನನ್ನ ತಕರಾರು.

ಆ ಹಾಲ್‌ನಿಂದ ಒಂದು ಗಂಟೆಯ ದಾರಿಯಲ್ಲಿ ಹರೇಕಳ ಇದೆ. ಅಲ್ಲಿಯ ನ್ಯೂಪಡ್ಪುವಿನ ಹಾಜಬ್ಬರನ್ನು ತಿಳಿಯದ ಕನ್ನಡಿಗರು ಈಗ ಕಡಿಮೆ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಒಂದು ದಿನ ವಿದೇಶಿ ದಂಪತಿ ಬಂದು ಹಣ್ಣಿನ ಬೆಲೆ ಕೇಳಿದರು. ಇಂಗ್ಲಿಷಿನಲ್ಲಿ ಕೇಳಿದ್ದರಿಂದ ಹಾಜಬ್ಬರಿಗೆ ಅರ್ಥವಾಗಲಿಲ್ಲ. ತಿಳಿದಿದ್ದುದು ಬ್ಯಾರಿ, ತುಳು. ಗಿರಾಕಿಗಳು ಹೊರಟುಹೋದರು. ಅವಮಾನ ಉಳಿಯಿತು. ನನಗಾದದ್ದು ನನ್ನೂರಿನ ಮಕ್ಕಳಿಗೆ ಆಗಬಾರದು ಎಂದುಕೊಂಡು ಅವರು ಕಚೇರಿಯಿಂದ ಕಚೇರಿಗೆ ಅಲೆದರು. ಮೊದಲ ತರಗತಿಗಳಿಗೆ ಮದ್ರಸಾದಲ್ಲಿ ಜಾಗ ಸಿಕ್ಕಿತು. ಶಾಸಕರಾಗಿದ್ದ ಯು.ಟಿ. ಫರೀದ್ ನೆರವಾದರು. ಕಿತ್ತಳೆ ಮಾರಿ ಉಳಿಸಿದ ಹಣವೂ ಸೇರಿತು. 28 ಮಕ್ಕಳಿಂದ ಶುರುವಾದ ಸರಕಾರಿ ಶಾಲೆ ಮುಂದೆ ಪ್ರೌಢಶಾಲೆಯಾಗಿ ಬೆಳೆಯಿತು.

ಈಗ ಈ ಮನುಷ್ಯನನ್ನು ಆ ನಾಲ್ಕು ವೃತ್ತಗಳಲ್ಲಿ ಕೂರಿಸಿ ನೋಡಿ. ಇಷ್ಟವಾದದ್ದು? ಕಚೇರಿಯ ಬೆಂಚಿನ ಮೇಲೆ ಕಾಯುವುದು ಯಾರಿಗೆ ಇಷ್ಟ? ಚೆನ್ನಾಗಿ ಮಾಡಬಲ್ಲದ್ದು? ತಾವೇ ಕೊಡುವ ಅರ್ಜಿಯನ್ನು ಓದಲೂ ಅವರಿಗೆ ಬರುತ್ತಿರಲಿಲ್ಲ. ಹಣ ತರುವಂಥದ್ದು? ಇದ್ದ ಹಣವೂ ಅದಕ್ಕೇ ಹೋಯಿತು. ಉಳಿದದ್ದು ಒಂದೇ ವೃತ್ತ, ಅದೂ ಜಗತ್ತಿಗೆ ಬೇಕಾದದ್ದಲ್ಲ, ನ್ಯೂಪಡ್ಪುವಿಗೆ ಬೇಕಾದದ್ದು. ಕಣ್ಣು ಮುಚ್ಚಿ ಒಳಗೆ ಹುಡುಕಿದ್ದರೆ ಹಾಜಬ್ಬರಿಗೆ ಏನು ಸಿಗುತ್ತಿತ್ತೋ ನನಗೆ ತಿಳಿಯದು. ಕಣ್ಣು ತೆರೆದಿದ್ದಾಗ ಎದುರಿಗೆ ಬಂದು ನಿಂತ ಪ್ರಶ್ನೆಗೆ ಅವರು ಉತ್ತರ ಕೊಡಲು ಹೊರಟರು. ಆ ಉತ್ತರ ಮುಗಿಯಲು ಒಂದು ಆಯುಷ್ಯವೇ ಬೇಕಾಯಿತು.

ತರಬೇತುದಾರರು ತಮ್ಮ ಮಾತಿನ ನಡುವೆ ವಿಕ್ಟರ್ ಫ್ರಾಂಕ್ಲ್‌ರ ಹೆಸರನ್ನೂ ಎತ್ತಿದರು. ನಾಜಿ ಯಾತನಾ ಶಿಬಿರಗಳಿಂದ ಬದುಕಿ ಬಂದ ವಿಯೆನ್ನಾದ ಆ ಮನೋವೈದ್ಯರು 1946ರಲ್ಲಿ ಪ್ರಕಟಿಸಿದ ಪುಸ್ತಕ ಇಂಥವರ ಕೈಯಲ್ಲಿ ಸದಾ ಇರುತ್ತದೆ. ಬದುಕಿನ ಅರ್ಥವೇನೆಂದು ನಾವು ಬದುಕನ್ನು ಕೇಳುವುದಲ್ಲ, ಬದುಕೇ ನಮ್ಮನ್ನು ಕೇಳುತ್ತದೆ ಎಂಬುದು ಅದರ ತಿರುಳು. ಕಣ್ಣು ಮುಚ್ಚಿಸುವ ಶಿಬಿರದಲ್ಲಿ ಫ್ರಾಂಕ್ಲ್‌ರಿಗೆ ಏನು ಕೆಲಸ?

ಇನ್ನು ನಮ್ಮ ಸಮುದಾಯದ ಕಡೆಗೆ ಬರೋಣ. ಶಿಬಿರ ನಡೆದ ವಾರವೇ ಜುಮಾ ಖುತ್ಬಾದಲ್ಲಿ ಇದೇ ವಿಷಯ ಬಂತು. ಖತೀಬರು ಸೂರಃ ಅದ್ದಾರಿಯಾತ್‌ನ 56ನೇ ವಚನವನ್ನು ಉಲ್ಲೇಖಿಸಿ, ಗುರಿಯನ್ನು ಹುಡುಕುತ್ತಾ ಅಲೆಯುವುದು ಗುರಿ ತಿಳಿಯದವರ ಪಾಡು, ನಮಗೆ ಅದನ್ನು ಸೃಷ್ಟಿಕರ್ತನೇ ತಿಳಿಸಿದ್ದಾನೆ, ಅದು ಇಬಾದತ್ ಎಂದರು. ಒಬ್ಬ ವಿಶ್ವಾಸಿಯಾಗಿ ಈ ಮಾತಿನ ಒಂದಕ್ಷರವನ್ನೂ ನಾನು ಅಲ್ಲಗಳೆಯಲಾರೆ. ಆದರೆ ಇಬಾದತ್ ಎಂಬ ಆ ವಿಶಾಲ ಪದವನ್ನು ನಾವು ಎಷ್ಟು ಕಿರಿದುಗೊಳಿಸಿದ್ದೇವೆ! ಮಸೀದಿಯ ಹೊಸ್ತಿಲಿನಿಂದ ಮಿಹ್ರಾಬ್‌ವರೆಗಿನ ಮೂವತ್ತು ಹೆಜ್ಜೆಗಳಲ್ಲಿ ಅದು ಮುಗಿದುಹೋಗುತ್ತದೆ. ಸೂರಃ ಅಲ್‌ಮಾಊನ್ ನಮ್ಮಲ್ಲಿ ಬಹುತೇಕ ಮಕ್ಕಳಿಗೂ ಕಂಠಪಾಠ. ಏಳೇ ವಚನಗಳ ಆ ಪುಟ್ಟ ಅಧ್ಯಾಯದಲ್ಲಿ ಅನಾಥ ಇದ್ದಾನೆ, ಹಸಿದವನಿದ್ದಾನೆ, ನೆರೆಮನೆಗೆ ಕೊಡಬೇಕಾದ ಸಣ್ಣಪುಟ್ಟ ಬಳಕೆಯ ವಸ್ತು ಇದೆ. ಅದರ ಕಟುವಾದ ಎಚ್ಚರಿಕೆ ಇರುವುದೋ ನಮಾಝ್ ಮಾಡುವವರಿಗೆ. ನಾವು ಅದನ್ನು ನಮಾಝಿನಲ್ಲೇ ಓದಿ ಮುಗಿಸುತ್ತೇವೆ, ಚಿಕ್ಕ ಸೂರಃ ಆದ್ದರಿಂದ ಬೇಗ ಮುಗಿಯುತ್ತದೆ.

ಇಮಾಮ್ ಗಝಾಲಿಯವರ ಉದಾಹರಣೆಯನ್ನೂ ಇಂಥ ಕಡೆ ಕೊಡುವುದುಂಟು. 1095ರಲ್ಲಿ ಅವರು ಬಗ್ದಾದಿನ ನಿಝಾಮಿಯಾ ವಿದ್ಯಾಲಯದ ಅತ್ಯಂತ ಪ್ರಸಿದ್ಧ ಗುರು. ನೂರಾರು ಶಿಷ್ಯರು, ಅರಮನೆಯ ಮನ್ನಣೆ. ಇದೆಲ್ಲ ಯಾರಿಗಾಗಿ ಎಂಬ ಪ್ರಶ್ನೆ ಒಳಗೆ ಹೊಕ್ಕಿತು. ಪಾಠ ಹೇಳಲು ಕುಳಿತರೆ ನಾಲಗೆ ಹೊರಳದಾಯಿತು. ವೈದ್ಯರು ಕೈಚೆಲ್ಲಿದರು. ಕೊನೆಗೆ ಎಲ್ಲವನ್ನೂ ಬಿಟ್ಟು ದಮಾಸ್ಕಸ್‌ಗೆ ಹೊರಟರು. ಈ ಕಥೆಯನ್ನು ನಮ್ಮ ಭಾಷಣಕಾರರು ಇಲ್ಲಿಗೆ ನಿಲ್ಲಿಸುತ್ತಾರೆ. ದುನ್ಯಾವನ್ನು ಬಿಟ್ಟು ಹೊರಟವರು ಎಂಬುದಷ್ಟೇ ಅವರಿಗೆ ಬೇಕು. ಹೊರಡುವ ಮುನ್ನ ಅವರು ಮಕ್ಕಳ ಖರ್ಚಿಗೆ ಬೇಕಾದಷ್ಟನ್ನು ತೆಗೆದಿಟ್ಟಿದ್ದರು ಎಂಬುದನ್ನು ಯಾರೂ ಹೇಳುವುದಿಲ್ಲ. (ಶಿಬಿರ ಮುಗಿಸಿ ಮರುದಿನವೇ ಕೆಲಸಕ್ಕೆ ರಾಜೀನಾಮೆ ಕೊಡುವ ಹುಡುಗರು ಇದನ್ನು ಗಮನಿಸಲಿ.) ಅದಕ್ಕಿಂತ ಮುಖ್ಯವಾಗಿ, ಅವರು ಮರಳಿ ಬಂದರು. ಸುಮಾರು ಹತ್ತು ವರ್ಷಗಳ ಏಕಾಂತದ ನಂತರ, 1106ರಲ್ಲಿ, ನಿಶಾಪುರದಲ್ಲಿ ಮತ್ತೆ ಪಾಠ ಹೇಳಲು ಕುಳಿತರು. ಜನರ ವಿಶ್ವಾಸ ರೋಗಗ್ರಸ್ತವಾಗಿರುವಾಗ ನೆಮ್ಮದಿಗಾಗಿ ಮೂಲೆ ಹಿಡಿದು ಕೂರುವುದು ಸೋಮಾರಿತನವಾದೀತೆಂಬ ಅಳುಕನ್ನು ತಮ್ಮ ಆತ್ಮಕಥನದಲ್ಲಿ ತೋಡಿಕೊಂಡಿದ್ದಾರೆ. ಏಕಾಂತ ಗಝಾಲಿಯವರ ಉದ್ದೇಶವನ್ನು ಶುದ್ಧಗೊಳಿಸಿರಬಹುದು. ಕೆಲಸವನ್ನು ತಂದುಕೊಟ್ಟದ್ದು ಮಾತ್ರ ಹೊರಗಿದ್ದ ಜನ.

ಇಲ್ಲೊಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಓರ್ವ ಸಹೋದರಿ ಈ ಮಾತಿಗೆ ನನ್ನನ್ನು ಸರಿಯಾಗಿಯೇ ಹಿಡಿದು ನಿಲ್ಲಿಸಿದರು. "ಎದುರಿಗೆ ಬಂದವರ ಕರೆಗೆ ಓಗೊಡುವುದೇ ಬದುಕಿನ ಗುರಿ ಎನ್ನುತ್ತೀರಿ. ನಾವು ಹೆಂಗಸರು ಹುಟ್ಟಿದಂದಿನಿಂದ ಮಾಡಿದ್ದು ಅದನ್ನೇ ಅಲ್ಲವೇ? ಮಾವನಿಗೆ ಔಷಧಿ, ಮಗುವಿಗೆ ಬುತ್ತಿ, ಗಂಡನ ಅತಿಥಿಗಳಿಗೆ ಬಿರಿಯಾನಿ. ನಮಗೆ ಗುರಿಯ ಕೊರತೆ ಎಂದೂ ಆಗಲಿಲ್ಲ, ಎಲ್ಲವೂ ಬೇರೆಯವರೇ ಕೊಟ್ಟದ್ದು. ಒಮ್ಮೆ ಕಣ್ಣು ಮುಚ್ಚಿ ಕೂರಲು ಒಂದು ಗಂಟೆ ಸಿಕ್ಕರೆ ಸಾಕಿತ್ತು" ಎಂದರು. ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಹೇರಿದ ಕೆಲಸವನ್ನು ಕರೆ ಎಂದು ಕರೆಯುವುದು ವಂಚನೆ. ಅದನ್ನು ಅತಿ ಹೆಚ್ಚು ಮಾಡಿದವರು ನಾವು ಗಂಡಸರು, ಅದೂ ಹೆಚ್ಚಾಗಿ ಧರ್ಮದ ಹೆಸರಿನಲ್ಲಿ.

ಆದರೆ ಸಾರಾ ಅಬೂಬಕ್ಕರ್ ನೆನಪಾಗುತ್ತಾರೆ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು, ಮಕ್ಕಳನ್ನು ಬೆಳೆಸಿದ ಗೃಹಿಣಿ. 1981ರಲ್ಲಿ ಲಂಕೇಶ್ ಪತ್ರಿಕೆಗೆ ಬರೆಯತೊಡಗಿದಾಗ ವಯಸ್ಸು ಸುಮಾರು 45. ಆಕೆಗೆ ಬಂದ ಕರೆ ಅಡುಗೆಮನೆಯಿಂದ ಬಂದದ್ದಲ್ಲ. ಒಂದು ಮಾತಿಗೆ ಬದುಕು ಮುರಿದುಬಿದ್ದ, ತಲಾಖ್‌ನ ಹೆಸರಿನಲ್ಲಿ ಬೀದಿಗೆ ಬಿದ್ದ, ದೂರು ಕೊಡಲೂ ಯಾರೂ ಇಲ್ಲದ ಹೆಣ್ಣುಮಕ್ಕಳು ಸುತ್ತಲೂ ಇದ್ದರು. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾ ಅವರಲ್ಲೊಬ್ಬಳು. ಅದೂ ಕರೆಯೇ. ಅದಕ್ಕೆ ಓಗೊಟ್ಟದ್ದಕ್ಕೆ ಸಮುದಾಯದೊಳಗಿನಿಂದ ಏನೇನು ಕೇಳಬೇಕಾಯಿತೆಂಬುದು ಹಳೆಯ ಓದುಗರಿಗೆ ನೆನಪಿದೆ. 2023ರ ಜನವರಿಯಲ್ಲಿ ಅವರು ತೀರಿಕೊಂಡಾಗ ಅಂದು ಬೈದವರೂ ಸಂತಾಪ ಸೂಚಿಸಿದರು. ಮನೆಯವರ ಕರೆಗೆ ಓಗೊಟ್ಟ ಹೆಣ್ಣನ್ನು ಹೊಗಳುವ ನಾವು, ಮನೆಯಾಚೆಯ ಕರೆಗೆ ಓಗೊಟ್ಟ ಹೆಣ್ಣನ್ನು ಹೊಗಳಲು ಆಕೆಯ ಮಯ್ಯಿತ್‌ಗಾಗಿ ಕಾಯುತ್ತೇವೆ. ಆ ಸಹೋದರಿಗೆ ನಾನು ಹೇಳಬಹುದಾದದ್ದು ಇಷ್ಟೇ: ನಿಮಗೆ ಬೇಕಾದ ಆ ಒಂದು ಗಂಟೆಯನ್ನು ಮೊದಲು ಮನೆಯವರಿಂದ ವಸೂಲು ಮಾಡಿ. ಅದರಲ್ಲಿ ಕಣ್ಣು ಮುಚ್ಚುತ್ತೀರೋ ತೆರೆಯುತ್ತೀರೋ ನಿಮಗೆ ಬಿಟ್ಟದ್ದು.

ಇನ್ನು ಕೆಲವರಿಗೆ ಗುರಿಯ ಉಪದೇಶ ಮಾಡುವುದೇ ಕ್ರೌರ್ಯ. 2022ರ ಫೆಬ್ರವರಿಯಲ್ಲಿ ಶಿರವಸ್ತ್ರದ ಕಾರಣಕ್ಕೆ ಕಾಲೇಜಿನ ಗೇಟಿನ ಹೊರಗೆ ನಿಂತಿದ್ದ ವಿದ್ಯಾರ್ಥಿನಿಯರನ್ನು ನೆನಪಿಸಿಕೊಳ್ಳಿ. ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು ಬಂತು. ಪರೀಕ್ಷೆ ಬರೆಯದೆ ಉಳಿದವರಿದ್ದರು. ಡಾಕ್ಟರ್ ಆಗಬೇಕು, ಟೀಚರ್ ಆಗಬೇಕು ಎಂಬ ಸ್ಪಷ್ಟ ಗುರಿ ಆ ಮಕ್ಕಳಲ್ಲಿ ಇತ್ತು. ಇಲ್ಲದಿದ್ದುದು ಒಳಗೆ ಹೋಗುವ ದಾರಿ. ಅವರಿಗೆ ನಾಲ್ಕು ವೃತ್ತಗಳ ಚಿತ್ರ ತೋರಿಸುವ ಧೈರ್ಯ ಯಾವ ತರಬೇತುದಾರನಿಗಿದೆ? 2006ರ ಸಾಚಾರ್ ಸಮಿತಿ ವರದಿ 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಕಾಲು ಭಾಗ ಶಾಲೆಯನ್ನೇ ನೋಡದವರು ಅಥವಾ ಅರ್ಧಕ್ಕೆ ಬಿಟ್ಟವರು ಎಂದು ಹೇಳಿತ್ತು. ಅವರೆಲ್ಲ ಶಾಲೆಯಿಂದ ಹೊರಗುಳಿದದ್ದು ಒಳಗೆ ಸರಿಯಾಗಿ ಹುಡುಕದೇ ಇದ್ದುದರಿಂದಲ್ಲ.

ಹಾಜಬ್ಬರ ವಿಷಯದಲ್ಲಿ ನಾವು ನಡೆದುಕೊಂಡ ರೀತಿಯೂ ಇದಕ್ಕೆ ಹೊರತಲ್ಲ. 2020ರ ಜನವರಿಯಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರು ಪಡಿತರದ ಸಾಲಿನಲ್ಲಿ ನಿಂತಿದ್ದರು. 2021ರ ನವೆಂಬರ್ 8ರಂದು ಬರಿಗಾಲಲ್ಲಿ ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ಪಡೆದ ಚಿತ್ರ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ನಂತರ ಸನ್ಮಾನಗಳ ಸುರಿಮಳೆ. ಶಾಲು, ಪೇಟ, ಫಲಕ, ಜೊತೆಗೆ ಒಂದು ಹಣ್ಣಿನ ಬುಟ್ಟಿ. ಹಣ್ಣಿನ ವ್ಯಾಪಾರಿಗೇ ಹಣ್ಣಿನ ಬುಟ್ಟಿ ಕೊಡುವಾಗ ಯಾರಿಗೂ ನಗು ಬರಲಿಲ್ಲ! ಭಾಷಣಗಳಲ್ಲೆಲ್ಲ ಅವರು ‘ಸ್ಫೂರ್ತಿ’. ಒಬ್ಬರಾದರೂ ಕೇಳಬೇಕಿದ್ದ ಪ್ರಶ್ನೆ ಬೇರೆಯಿತ್ತು. ಹತ್ತು ವರ್ಷಗಳೊಳಗೆ 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಪ್ರಯತ್ನಿಸಬೇಕೆಂದು 1950ರ ಸಂವಿಧಾನದ 45ನೇ ವಿಧಿ ಸರಕಾರಕ್ಕೆ ಹೇಳಿತ್ತು. ಎಂದರೆ 1960ರ ಹೊತ್ತಿಗೆ. ಅದಾಗಿ ಸುಮಾರು ನಲುವತ್ತು ವರ್ಷಗಳಾದ ಮೇಲೂ ಮಂಗಳೂರಿನ ಮಗ್ಗುಲಲ್ಲಿರುವ ಒಂದು ಊರಿಗೆ ಶಾಲೆ ಬರಲು ಕಿತ್ತಳೆ ಮಾರುವವನಿಗೆ ಅವಮಾನವಾಗಬೇಕಾಯಿತೇ? ಆತನನ್ನು ಸಂತನೆಂದು ಕರೆದರೆ ಈ ಪ್ರಶ್ನೆಯಿಂದ ಸರಕಾರವೂ ಪಾರು, ಊರಿನ ಶ್ರೀಮಂತರೂ ಪಾರು, ಚಪ್ಪಾಳೆ ತಟ್ಟಿದ ನಾವೂ ಪಾರು. ಸಂತರಾಗಲು ಎಲ್ಲರಿಗೂ ಆಗುವುದಿಲ್ಲವಲ್ಲ!

ಎಲ್ಲರೂ ಶಾಲೆ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ಕೆಲಸವಿಲ್ಲದ, ಸಾಲವಿರುವ, ತಂಗಿಯ ಮದುವೆ ಬಾಕಿಯಿರುವ ಇಪ್ಪತ್ತೆಂಟರ ಹುಡುಗನಿಗೆ ಸೇವೆಯ ಉಪದೇಶ ಮಾಡುವುದೂ ವೃತ್ತ ತೋರಿಸಿದಷ್ಟೇ ಸುಲಭ. ಆತನಿಗೆ ಮೊದಲು ಸಂಬಳ ಬೇಕು.

ಶಿಬಿರದ ಮಧ್ಯಾಹ್ನ ಊಟದ ಸಾಲಿನಲ್ಲಿ ಆ ಹುಡುಗನೇ ನನ್ನ ಪಕ್ಕದಲ್ಲಿದ್ದ. ಗಲ್ಫ್‌ನಲ್ಲಿ ಏನು ಕೆಲಸ ಮಾಡುತ್ತಿದ್ದೆ ಎಂದು ಕೇಳಿದೆ. ಟೈಪಿಂಗ್ ಸೆಂಟರ್ ಒಂದರಲ್ಲಿ ವೀಸಾ ಅರ್ಜಿ ತುಂಬುವ ಕೆಲಸವಂತೆ. ಈಗ ಏನು ಮಾಡುತ್ತಿ ಎಂದೆ.

"ಏನೂ ಇಲ್ಲ. ಮನೆಯಲ್ಲಿ ಕೂತರೆ ಅದೂ ತಲೆನೋವು. ಕಂಪ್ಯೂಟರ್ ಬರುತ್ತದೆಂದು ಗೊತ್ತಾಗಿ ಮೊಹಲ್ಲಾದವರೆಲ್ಲ ಬರುತ್ತಾರೆ. ವಿಧವಾ ವೇತನ, ಮಕ್ಕಳ ಸ್ಕಾಲರ್‌ಶಿಪ್, ಆಧಾರ್‌ನಲ್ಲಿ ಹೆಸರು ತಪ್ಪು, ರೇಷನ್ ಕಾರ್ಡ್‌ನಲ್ಲಿ ಇನ್ನೊಂದು ಹೆಸರು. ಸರಿಮಾಡಿಸದಿದ್ದರೆ ಹಣ ನಿಲ್ಲುತ್ತದೆ. ದುಡ್ಡು ಕೇಳಲೂ ಆಗುವುದಿಲ್ಲ, ಎಲ್ಲ ಗುರುತಿನವರು."

ಇವತ್ತು ಎಷ್ಟು ಜನ ಬಂದಿದ್ದರು ಎಂದು ಕೇಳಿದೆ. ಇಲ್ಲಿಗೆ ಬರುವ ಮುಂಚೆ ನಾಲ್ವರು ಎಂದ. ಅವರಲ್ಲಿ ಒಬ್ಬರ ಪಿಂಚಣಿ ಏಳು ತಿಂಗಳಿಂದ ನಿಂತಿತ್ತು, ಹೋದ ವಾರ ಬಂತು ಎಂದೂ ಹೇಳಿದ. ಆ ಮಾತು ಹೇಳುವಾಗ ಅವನ ಮುಖದಲ್ಲಿ ಬೆಳಗಿನ ಬೇಸರ ಇರಲಿಲ್ಲ.

ಊಟವಾದ ಮೇಲೆ ಜಮಾಅತ್‌ನ ಅಧ್ಯಕ್ಷರನ್ನು ಪಕ್ಕಕ್ಕೆ ಕರೆದೆ. ಈ ಶಿಬಿರಕ್ಕೆ ಖರ್ಚಾದ ಹಣದಲ್ಲಿ ಇವನಿಗೆ ಮಸೀದಿ ಕಟ್ಟಡದ ಕೆಳಗಿನ ಖಾಲಿ ಕೋಣೆ, ಒಂದು ಮೇಜು, ಒಂದು ಪ್ರಿಂಟರ್, ಆರು ತಿಂಗಳ ಸಂಬಳ ಕೊಡಬಹುದಿತ್ತು ಎಂದೆ. ಅವರು ಬೇಡವೆನ್ನಲಿಲ್ಲ. ಮುಂದಿನ ಮಹಾಸಭೆಯ ಅಜೆಂಡಾದಲ್ಲಿ ಸೇರಿಸೋಣ ಎಂದರು. ಮಹಾಸಭೆ ಕಳೆದ ತಿಂಗಳು ನಡೆಯಿತು. ವಿಷಯವನ್ನು ಮುಂದೂಡಲಾಗಿದೆ. ಮೂರು ದಿನಗಳ ಶಿಬಿರಕ್ಕೆ ದಿನಾಂಕ ನಿಗದಿಯಾಗಿದೆ.